ಒದ್ದೆ ಟವೆಲ್ ಹಿಡಿದು ನಿಂತ ಅಕ್ಕ

ನಾನು ಚಿಕ್ಕವನಿದ್ದಾಗ ನಾವು ಕುವೈತಿನ ಅಹ್ಮದಿಯಲ್ಲಿದ್ದೆವು, ಅಪ್ಪನಿಗೆ ತೈಲ ಕಂಪನಿ ಕೊಟ್ಟಿದ್ದ ಮನೆಯಲ್ಲಿ. ಧೂಳಿನ ಬಿರುಗಾಳಿ ಬರುವ ಸೂಚನೆ ಕಂಡರೆ ಕಿಟಕಿಗಳನ್ನೆಲ್ಲ ಮುಚ್ಚಿ, ಟವೆಲ್‌ಗಳನ್ನು ನೀರಲ್ಲಿ ಅದ್ದಿ ಸಂದಿಗಳಿಗೆ ತುರುಕಬೇಕಿತ್ತು. ನಮ್ಮ ಮನೆಯಲ್ಲಿ ಹಾಲ್‌ನ ಕಿಟಕಿ ಅಕ್ಕನ ಪಾಲಿನದು.

ಅಂದು ಶುಕ್ರವಾರ, ರಜೆ. ಅಪ್ಪನ ಸ್ನೇಹಿತರಾದ ಒಬ್ಬ ಡಾಕ್ಟರು ಊಟಕ್ಕೆ ಬರುವವರಿದ್ದರು. ಅಮ್ಮ ಚಿರೋಟಿ ಕರಿದು, ಹಾಲ್‌ನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹರಡಿದ್ದಳು. ಮನೆಯೆಲ್ಲ ತುಪ್ಪದ ಘಮ. ಆಕಾಶದ ಅಂಚು ಕಂದುಬಣ್ಣಕ್ಕೆ ತಿರುಗಿದ್ದನ್ನು ಕಂಡು ಅಪ್ಪ "ಯಲ್ಲಾ, ಬೇಗ ಬೇಗ, ಟವೆಲ್!" ಎಂದು ಕೂಗಿ, ಅತಿಥಿಯನ್ನು ಕರೆತರಲು ಕಾರು ಹತ್ತಿದರು.

ನಾನು ಹಿಂದಿನ ಕೋಣೆಯ ಕಿಟಕಿ ಮುಚ್ಚಿ ಬರುವಷ್ಟರಲ್ಲಿ ಹಾಲ್‌ನೊಳಗೆ ಗಾಳಿ ನುಗ್ಗಿತ್ತು. ಅಕ್ಕ ತೆರೆದ ಕಿಟಕಿಯ ಮುಂದೆ ಹಾಗೇ ನಿಂತಿದ್ದಳು. ಕೈಯಲ್ಲಿದ್ದ ಟವೆಲಿನ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದೂ ತಿಳಿದಿರಲಿಲ್ಲ. ನನ್ನ ಹಲ್ಲಿನ ಸಂದಿಯಲ್ಲಿ ಮಣ್ಣು ಕರಕರ ಎಂದಿತು. ಚಿರೋಟಿಯ ಮೇಲೆ ನುಣ್ಣನೆಯ ಕೆಂಪು ಪುಡಿ ಕೂತಿತ್ತು.

"ನೋಡೋ," ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಸಕ್ಕರೆ ಪುಡಿ ಉದುರಿಸೋ ಕೆಲಸ ತಪ್ಪಿತು."

ಅಪ್ಪ ಡಾಕ್ಟರ ಜೊತೆ ಒಳಗೆ ಬಂದವರೇ ಮೇಜು ನೋಡಿದರು. "ಏನೇ ಮಾಡ್ತಿದ್ದೆ?"

"ಆಕಾಶ ಕಿತ್ತಳೆ ಬಣ್ಣ ಆಗ್ತಿತ್ತಪ್ಪ."

ಅವಳು ನಿಜವನ್ನೇ ಹೇಳಿದಳು. ಕೆನ್ನೆಗೆ ಏಟು ಬಿತ್ತು.

"ಶಾಲೆಯಲ್ಲೂ ಇದೇ ಗೋಳು. ಏನಾದ್ರೂ ಕಾಯಿಲೆನಾ ಡಾಕ್ಟ್ರೇ?" ಎಂದು ಅಪ್ಪ ಕೇಳಿದರು.

ಡಾಕ್ಟರು ನಕ್ಕರು. "ಗಮನ ನಿಲ್ಲದ ಕಾಯಿಲೆ ಅಂತ ಒಂದಿದೆ, ಅದು ಇರೋದು ಒಂದು ಕಡೆ ಕೂರದ ಗಂಡುಹುಡುಗರಿಗೆ ರಾಯರೇ. ಮಿದುಳಿಗೆ ಸಣ್ಣ ಪೆಟ್ಟು ಬಿದ್ದಿರುತ್ತೆ ಅಂತಾರೆ. ದೊಡ್ಡವರಾದ್ಮೇಲೆ ಹೋಗುತ್ತೆ. ಇವಳು ಕಂಬದ ಥರ ನಿಂತಿರ್ತಾಳಲ್ಲ! ಬರೀ ಸೋಮಾರಿತನ. ಊರಲ್ಲಿ ಹಾಸ್ಟೆಲ್‌ಗೆ ಹಾಕಿ, ಸರಿಹೋಗ್ತಾಳೆ."

"ಖಲಾಸ್," ಎಂದರು ಅಪ್ಪ. ಅಮ್ಮ ಅಳುತ್ತ ಚಿರೋಟಿಯನ್ನು ಒಂದೊಂದಾಗಿ ಕೊಡವುತ್ತಿದ್ದಳು.

ಬೇಸಿಗೆ ರಜೆಗೆ ಎಲ್ಲರೂ ಮೈಸೂರಿಗೆ ಹೋದೆವು. ಅಕ್ಕನನ್ನು ಅಲ್ಲೇ ಹಾಸ್ಟೆಲಿನಲ್ಲಿ ಬಿಟ್ಟು ನಾವು ಮೂವರು ಕುವೈತಿಗೆ ಮರಳಿದೆವು. ಅವಳು ಸರಿಹೋಗಲಿಲ್ಲ. ಮುಂದೆ ಓದಲೂ ಇಲ್ಲ. ಹಾಲು ಉಕ್ಕಿಸಿದಾಗ, ಬೀಗದ ಕೈ ಕಳೆದಾಗ, "ನಾನು ದಡ್ಡಿ ಕಣೋ" ಎನ್ನುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಆಸ್ಪತ್ರೆಯಿಂದ ಕೊನೆಯ ಸಲ ಫೋನ್ ಮಾಡಿದಾಗಲೂ ಅದನ್ನೇ ಹೇಳಿದ್ದಳು. ಕನ್ನಡಕ ಎಲ್ಲೋ ಮರೆತಿದ್ದಳಂತೆ.

ಈ ವರ್ಷ ನನ್ನ ಮೊಮ್ಮಗಳನ್ನು ಇಲ್ಲಿ ಕುವೈತಿನ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆವು. ತರಗತಿಯಲ್ಲಿ ಸದ್ದಿಲ್ಲದೆ ಕೂತು ಎಲ್ಲೋ ಕಳೆದುಹೋಗುವ ಮಗು ಅವಳು. ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು: ಇದು ಸೋಮಾರಿತನವಲ್ಲ, ಪೆಟ್ಟೂ ಅಲ್ಲ. ಗಮನವೇ ಇಲ್ಲ ಎಂದೂ ಅಲ್ಲ; ಅದನ್ನು ಬೇಕಾದ ಕಡೆ ತಿರುಗಿಸುವುದು ಈ ಮಕ್ಕಳಿಗೆ ಕಷ್ಟ. ಸುಮ್ಮನಿರುವ ಹೆಣ್ಣುಮಕ್ಕಳನ್ನು ಹಿಂದೆ ಯಾರೂ ಗುರುತಿಸುತ್ತಿರಲಿಲ್ಲ. ಎಷ್ಟೋ ಜನರಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ. ವಂಶದಲ್ಲೂ ಹರಿದು ಬರುತ್ತದೆ.

ನನಗೆ ಸಮಾಧಾನವಾಗಬೇಕಿತ್ತು. ಮೈಯೆಲ್ಲ ಉರಿಯಿತು. ವಿಜ್ಞಾನ ತನ್ನ ತಪ್ಪು ತಿದ್ದಿಕೊಳ್ಳುತ್ತದೆ, ಒಳ್ಳೆಯದೇ. ಆದರೆ ಆ ತಪ್ಪಿನಿಂದ ಏಟು ತಿಂದವರನ್ನು ಹುಡುಕಿಕೊಂಡು ಹೋಗಿ ಹೇಳುವವರು ಯಾರು? ಊಟಕ್ಕೆ ಬಂದು ನಕ್ಕು ಹೇಳಿದ ಒಂದು ಮಾತು ಅವಳ ಬಾಳೆಲ್ಲ ನಿಂತಿತು. ಅದು ಸುಳ್ಳೆಂದು ತಿಳಿದ ಮೇಲೂ ನಮ್ಮ ಮನೆಯ ಬಾಗಿಲು ಯಾರೂ ತಟ್ಟಲಿಲ್ಲ. ಅಕ್ಕ ದಡ್ಡಿಯಾಗಿಯೇ ಹೋದಳು.

ಈಗ ನಾನಿರುವ ಮಗನ ಮನೆ ಕುವೈತಿನದೇ ಮಹಬೂಲಾದಲ್ಲಿ, ಎತ್ತರದ ಕಟ್ಟಡದಲ್ಲಿ. ಧೂಳು ಬರುತ್ತದೆಂದು ಫೋನೇ ಮೊದಲು ಹೇಳುತ್ತದೆ. ಆದರೂ ಬಾಲ್ಕನಿಯ ಬಾಗಿಲಿನ ಸಂದಿಗೆ ಇವತ್ತಿಗೂ ಒದ್ದೆ ಟವೆಲೇ ಬೇಕು. ಮೊನ್ನೆ ಮೊಮ್ಮಗಳು ಟವೆಲ್ ಹಿಡಿದು, ತೆರೆದ ಬಾಗಿಲಲ್ಲಿ ಆಕಾಶ ನೋಡುತ್ತ ನಿಂತುಬಿಟ್ಟಳು. ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಸೊಸೆ ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು.

"ಮೊದಲು ಟವೆಲ್ ಪುಟ್ಟಿ, ಆಮೇಲೆ ಆಕಾಶ."

ಇಬ್ಬರೂ ಬಾಗಿಲು ಮುಚ್ಚಿ, ಬಗ್ಗಿ ಟವೆಲ್ ಒತ್ತಿದರು. ಆಮೇಲೆ ಗಾಜಿಗೆ ಮೂಗು ತಾಗಿಸಿ ನಿಂತರು.

"ತಾತಾ, ಕಮ್ ಫಾಸ್ಟ್! ಇಟ್ಸ್ ಟರ್ನಿಂಗ್ ಆರೆಂಜ್!"

ಎದ್ದು ಹೋಗಿ ನೋಡಿದೆ. ಅಕ್ಕ ಹೇಳಿದ್ದು ಇದೇ ಬಣ್ಣ. ಹೆಗಲ ಮೇಲೆ ಒಂದು ಕೈ. ಅಂದು ಅವಳಿಗೂ ಅಷ್ಟೇ ಸಾಕಿತ್ತು.