ಮಣ್ಣು ಮೆತ್ತಿದ ಕೈಗಳ ಸಂದರ್ಶನ

ನಿಪ್ಪಾಣಿಯಲ್ಲಿರುವ ನನ್ನ ತಂಗಿಯ ಮಗಳು ಎಂ.ಎ. ಪ್ರಬಂಧಕ್ಕೆಂದು ಅಥಣಿಯ ನಮ್ಮ ಮನೆಗೆ ಬಂದಿದ್ದಳು. ಇಲ್ಲಿಯ ಹೆಣ್ಣುಮಕ್ಕಳು ದೇವರನ್ನು ಏಕೆ ಪೂಜಿಸುತ್ತಾರೆ ಎಂಬುದು ಅವಳ ವಿಷಯ. ನಾನು ಉತ್ಸಾಹದಿಂದ ಓಣಿಯವರನ್ನೆಲ್ಲ ಕರೆದೆ. ಕಾನ್ವೆಂಟಿನಲ್ಲಿ ಕಲಿತ ಅಭ್ಯಾಸ, ಕುರ್ಚಿಗಳನ್ನು ಸಾಲಾಗಿ ಹಾಕಿಟ್ಟೆ. ಅವರೋ ಉಡಿ ತುಂಬುವ ಕಾರ್ಯಕ್ರಮವೆಂದು ತಿಳಿದು ರೇಷ್ಮೆ ಸೀರೆಯುಟ್ಟು, ಹೂ ಮುಡಿದು ಬಂದರು. ಹುಡುಗಿ ಮೊಬೈಲು ಮುಂದೆ ಹಿಡಿದಳೋ ಇಲ್ಲವೋ, ಎಲ್ಲರ ಬೆನ್ನೂ ನೆಟ್ಟಗಾಯಿತು. ಒಬ್ಬರಾದ ಮೇಲೆ ಒಬ್ಬರು "ಪೂಜೆಯಿಂದ ಮನಸ್ಸಿಗೆ ಶಾಂತಿ ಸಿಗುತ್ತದೆ" ಎಂದರು, ಅದೂ ಟಿ.ವಿ.ಯವರ ಭಾಷೆಯಲ್ಲಿ.

ಅದನ್ನೆಲ್ಲ ಕೇಳಿಸಿಕೊಂಡ ಅವಳ ಗೈಡ್ ಫೋನಿನಲ್ಲೇ ಹೇಳಿಬಿಟ್ಟರು: ಎಲ್ಲರದೂ ಒಂದೇ ಉತ್ತರ, ಇದರಿಂದ ಪ್ರಬಂಧವಾಗದು, ವಿಷಯ ಬದಲಿಸು.

"ಮಾವಶಿ, ನಾ ಊರಿಗೆ ಹೋಗ್ತೀನಿ," ಎಂದು ದೊಡ್ಡಮ್ಮನಾದ ನನಗೆ ಹೇಳಿ ಹುಡುಗಿ ಬ್ಯಾಗು ತುಂಬಿದಳು.

ಮರುದಿನ ಆಷಾಢದ ಮಂಗಳವಾರ. ಈ ತಿಂಗಳ ಮಂಗಳವಾರಗಳಲ್ಲಿ ಪೂಜಿಸುವ ಗುಳ್ಳವ್ವನ ಮಣ್ಣಿನ ಮೂರ್ತಿ ಮಾಡಲು ಅದೇ ಹೆಂಗಸರು ನಮ್ಮ ಹಿತ್ತಲಿಗೆ ಬಂದರು, ಈ ಸಲ ದಿನದ ಸೀರೆಯಲ್ಲೇ. ದ್ರಾಕ್ಷಿ ತೋಟದವರ ಮನೆಯ ಅಕ್ಕ ಬ್ಯಾಗು ಕಂಡು, "ಎಲ್ಲಿಗೆ ಹೊಂಟ್ರಿ ಮ್ಯಾಡಮ್ಮಾರ? ಬರ್ರಿ, ಮೊದಲ ಮಣ್ಣ ನಾದ್ರಿ," ಎಂದು ಕೂರಿಸಿಕೊಂಡರು.

ಹುಡುಗಿಯ ಕೈ ಮೊಣಕೈವರೆಗೂ ಮಣ್ಣಾಯಿತು. ಮೊಬೈಲು ಒಳಗೇ ಉಳಿಯಿತು.

"ನಮಗೆಲ್ಲಾ ಕೇಳಿದಿ. ನೀ ಯಾಕ ದೇವರಿಗೆ ಕೈ ಮುಗೀತಿ, ಹೇಳ ನೋಡೂಣು?" ಎಂದು ಅಕ್ಕ ಕೇಳಿದರು.

ಅವಳು ಮಣ್ಣು ನಾದುತ್ತಲೇ ಹೇಳಿದಳು: "ಅವ್ವನ ಆಪರೇಷನ್ ದಿನ ಕೈ ಮುಗದಿದ್ದೆ ರೀ. ಆಕಿ ಆರಾಮಾದ ಮ್ಯಾಲ ಮರತಬಿಟ್ಟೆ. ಈಗ ಮುಗಿಯಾಕ ನಾಚಿಕಿ ಬರ್ತೈತಿ."

ಅಕ್ಕ ಗುಳ್ಳವ್ವನ ಕಣ್ಣಿಗೆ ಕೆಂಪು ಗುಲಗಂಜಿ ಒತ್ತುತ್ತ ನಕ್ಕರು. "ನಾಚಿಕಿ ಯಾಕ? ನಾ ದೇವರ ಕೂಡ ಜಗಳಾನ ಆಡ್ತೀನಿ. ಆಣೆಕಲ್ಲ ಮಳಿ ಬಿದ್ದು ದ್ರಾಕ್ಷಿ ಹೋದ ವರ್ಸ ಯುಗಾದಿತನಕಾ ದೀಪ ಹಚ್ಚಲಿಲ್ಲ. ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ ಮತ್ತ!"

"ನನ್ನ ಪೂಜಾದ ಹೊತ್ತಿನ್ಯಾಗ ಮನ್ಯಾಗ ಯಾರೂ ನನ್ನ ಕರಿಯೂದಿಲ್ಲವ್ವಾ," ಎಂದರು ಪಕ್ಕದವರು. "ಅದಕ್ಕ ಮಂಗಳಾರತಿ ಜರಾ ಉದ್ದ ಮಾಡ್ತೀನಿ." ಹಿತ್ತಲಿಗೆ ಹಿತ್ತಲೇ ನಕ್ಕಿತು.

ಸಂಜೆ ಪೂಜೆ ಮುಗಿದ ಮೇಲೆ ಹುಡುಗಿ ಒಬ್ಬೊಬ್ಬರ ಬಳಿಯೂ ಹೋಗಿ, ಹೇಳಿದ್ದನ್ನು ಬರೆಯಬಹುದೇ ಎಂದು ಕೇಳಿದಳು. ಒಬ್ಬರು ಬೇಡವೆಂದರು, ಅದನ್ನು ಬಿಟ್ಟಳು. ಅಕ್ಕ ಮಾತ್ರ, "ಬರಿ, ಹೆಸರ ಹಾಕಬ್ಯಾಡ. ನಿಂದೂ ಬರಿ ಮತ್ತ, ನಮ್ಮದಷ್ಟ ಯಾಕ?" ಎಂದರು.

ಪ್ರಬಂಧ ಅವಳ ಅವ್ವನ ಆಪರೇಷನ್ನಿನಿಂದಲೇ ಶುರುವಾಯಿತು. ಗೈಡ್ ಮೊದಲ ಪುಟಗಳನ್ನು ಓದಿ, ಮುಂದುವರಿಸು ಎಂದರಂತೆ. ಅವಳು ಬ್ಯಾಗಿನ ಬಟ್ಟೆಗಳನ್ನು ಮತ್ತೆ ನನ್ನ ಕಪಾಟಿನಲ್ಲಿ ಜೋಡಿಸಿ, "ಮಾವಶಿ, ಮುಂದಿನ ಮಂಗಳವಾರ ಮಣ್ಣ ನಾನ ತರ್ತೀನಿ," ಎಂದಳು.