ಅರವತ್ತು ತುಂಡು ಸದ್ದು

ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಯಂತ್ರಗಳ ನಡುಕ ಅಳೆಯುವುದು ಆಕೆಯ ಕೆಲಸ. ಜೊತೆಯವರು ಕರೆಯುವುದು ಮಾತ್ರ 'ಮೂರು ದಿನದಕ್ಕ' ಎಂದು. ಹೊಸದಾಗಿ ಸೇರಿದ ವರ್ಷ ಎರಡನೇ ಪಂಪಿಗೆ ಸೆನ್ಸರ್ ಅಂಟಿಸಿ ಒಂದೇ ಒಂದು ಗ್ರಾಫ್ ತೆಗೆದಿದ್ದಳು. ಅದರಲ್ಲಿ ಮುಳ್ಳಿನಂತೆ ಎದ್ದು ನಿಂತ ಗೆರೆಯನ್ನು ಕಣ್ಣು ಮುಚ್ಚಿ ನಂಬಿ, ಬೇರಿಂಗ್ ಹೋಗಿದೆ ಎಂದು ಬರೆದುಕೊಟ್ಟಳು. ಬಿಚ್ಚಿ ನೋಡಿದರೆ ಬೇರಿಂಗ್ ಫಳಫಳ ಹೊಳೆಯುತ್ತಿತ್ತು. ಮತ್ತೆ ಜೋಡಿಸುವಷ್ಟರಲ್ಲಿ ಮೂರು ದಿನ ಕಳೆದು, ಅರ್ಧ ಊರು ಬಿಂದಿಗೆ ಹಿಡಿದು ಅಲೆಯಿತು. ಆಕೆಯ ಅತ್ತೆಯೂ ನೀರಿನ ಸಾಲಿನಲ್ಲಿದ್ದವರೇ. ಮನೆಗೆ ಬಂದು, "ಯಾವಳೋ ತಲೆಕೆಟ್ಟವಳು ಪಂಪ್ ಬಿಚ್ಚಿಸಿದ್ಳಂತೆ ಅಂತ ಎಲ್ಲರೂ ಬೈತಿದ್ರು. ನಾನೂ ಹೂಂ ಅಂದೆ ಕಣೆ, ಇನ್ನೇನ್ ಮಾಡ್ಲಿ" ಎಂದರು. ಆಕೆ ಅಳುತ್ತಿದ್ದವಳು ನಕ್ಕುಬಿಟ್ಟಳು.

ಹೆಸರು ಅಂಟಿಕೊಂಡಿತು, ಬುದ್ಧಿಯೂ ಬಂತು. ನೀರಿನ ಹೊರಳಾಟ, ಓಡಾಡುವವರ ಹೆಜ್ಜೆ, ರಸ್ತೆಯ ಲಾರಿ, ಎಲ್ಲವೂ ಸೆನ್ಸರಿನೊಳಗೆ ನುಗ್ಗುತ್ತವೆ. ಒಂದೇ ಗ್ರಾಫಿನಲ್ಲಿ ಈ ಗದ್ದಲವೂ ರೋಗದ ವೇಷ ಹಾಕಿಕೊಂಡು ನಿಲ್ಲುತ್ತದೆ. ಹಾಗಾಗಿ ಈಗ ಆಕೆ ಹತ್ತು ನಿಮಿಷದ ಸದ್ದನ್ನು ಹತ್ತು ಹತ್ತು ಸೆಕೆಂಡಿನ ಅರವತ್ತು ತುಂಡು ಮಾಡುತ್ತಾಳೆ. ಸೆಕೆಂಡಿಗೆ ಎಷ್ಟು ಬಡಿತದ ಸದ್ದು ಎಷ್ಟು ಜೋರಾಗಿದೆ ಎಂದು ತೋರಿಸುವ ಗ್ರಾಫನ್ನು ಪ್ರತಿ ತುಂಡಿಗೂ ಬೇರೆಯಾಗಿ ತೆಗೆದು, ಅರವತ್ತರ ಸರಾಸರಿ ನೋಡುತ್ತಾಳೆ. ಗದ್ದಲದ ಮುಳ್ಳು ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಏಳುವುದರಿಂದ ಸರಾಸರಿಯಲ್ಲಿ ನೆಲ ಕಚ್ಚುತ್ತದೆ. ನಿಜವಾದ ಮುಳ್ಳು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಈ ಕೆಲಸ ಆಕೆಗೆ ಬಲು ಇಷ್ಟ. ಬೆಳಗ್ಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಟೀ ಆರಿದ್ದೂ ಗೊತ್ತಾಗುವುದಿಲ್ಲ.

ಒಂದು ಬೆಳಗ್ಗೆ ಅದೇ ಎರಡನೇ ಪಂಪಿನ ಗ್ರಾಫ್ ಬಂತು. ಕಾಲೆಳೆಯುವುದರಲ್ಲಿ ಎತ್ತಿದ ಕೈಯಾದ ಹಿರಿಯ ಫಿಟ್ಟರ್ ಹಿಂದಿನಿಂದ ಇಣುಕಿದ.

"ಅಕ್ಕಾ, ಅಷ್ಟುದ್ದ ಎದ್ದಿದ್ಯಲ್ಲ, ಬಿಂದಿಗೆ ತುಂಬಿಸಿಡಿ ಅಂತ ಮನೆಗೆ ಫೋನ್ ಮಾಡ್ಲಾ?"

"ತಡೀರಿ ಅಣ್ಣ, ಇದು ಮೊದಲನೇ ತುಂಡು ಅಷ್ಟೇ."

ಅರವತ್ತೂ ಸೇರಿದಾಗ ಉದ್ದನೆಯದು ಹೇಳಹೆಸರಿಲ್ಲದೆ ಹೋಯಿತು. ಆದರೆ ಸೆಕೆಂಡಿಗೆ ಎಂಬತ್ತೆಂಟು ಬಡಿತದ ಬಳಿ ಸಣ್ಣ ಮೊಳಕೆಯಷ್ಟು ಗೆರೆ ಉಳಿಯಿತು. ಬೇರಿಂಗಿನ ಹೊರಬಳೆಯಲ್ಲಿ ಗುಳಿ ಬಿದ್ದರೆ, ಒಳಗಿನ ಗುಂಡುಗಳು ಸೆಕೆಂಡಿಗೆ ಸರಿಯಾಗಿ ಅಷ್ಟೇ ಸಲ ಅದನ್ನು ಬಡಿಯುತ್ತವೆ. ಸುಮ್ಮನಿದ್ದರೆ ಒಂದು ದಿನ ಪಂಪ್ ಬಿಗಿದು ನಿಲ್ಲುತ್ತದೆ. ಬಿಚ್ಚಿಸಿ ಏನೂ ಸಿಗದಿದ್ದರೆ ಇನ್ನು ಆಕೆಯ ಗ್ರಾಫನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಮತ್ತೆರಡು ಸಲ ಅಳೆದಳು. ಗೆರೆ ಅಲ್ಲೇ ಇತ್ತು. ಬಿಚ್ಚಿ ಎಂದು ಬರೆದು ಸಹಿ ಹಾಕಿದಳು.

"ಇಷ್ಟು ಚಿಕ್ಕದಕ್ಕಾ?" ಎಂದ ಫಿಟ್ಟರ್.

"ಚಿಕ್ಕದೇ. ಅಲ್ಲಾಡ್ತಾ ಇಲ್ಲವಲ್ಲ."

ಹೊಸ ಬೇರಿಂಗ್ ತರಿಸಿಟ್ಟುಕೊಂಡು, ಟ್ಯಾಂಕ್ ತುಂಬಿದ ಮೇಲೆ ಪಂಪ್ ನಿಲ್ಲಿಸಿದರು. ಫಿಟ್ಟರ್ ಹಳೆಯದನ್ನು ಹೊರತೆಗೆದು ಗ್ರೀಸ್ ಒರೆಸಿದ, ತಿರುಗಿಸಿ ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ. ಏನೂ ಕಾಣಲಿಲ್ಲ. ಆತ ಗುಂಡುಗಳನ್ನು ಬಿಡಿಸಿ, ಹೊರಬಳೆಯ ಒಳಮೈ ಮೇಲೆ ಹೆಬ್ಬೆರಳ ಉಗುರು ಆಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದ.

"ಇಲ್ಲಿ ಮುಟ್ಟಿ."

ಮುಟ್ಟಿದಳು. ಸಾಸಿವೆಯಷ್ಟು ಗುಳಿ ಉಗುರಿಗೆ ತಡೆಯಿತು. ಸಂತೋಷಕ್ಕೆ ಆಕೆಯ ಕಣ್ಣುಗಳು ತುಂಬಿಕೊಂಡವು.

ಮಧ್ಯಾಹ್ನದೊಳಗೆ ಪಂಪ್ ಮತ್ತೆ ತಿರುಗಿತು. ಫಿಟ್ಟರ್ ಕೈ ತೊಳೆದುಕೊಂಡು ಬಂದು ಮೇಜಿನ ಮುಂದೆ ನಿಂತ.

"ಒಂದನೇ ಪಂಪ್ ಬಿಚ್ಚೋಣ ಅಂತಿದ್ದೆ ಅಕ್ಕ, ಯಾಕೋ ಸದ್ದು ಜಾಸ್ತಿ. ನೀವು ಒಂದ್ಸಲ ನೋಡಿ. ನೀವು ಹೇಳೋವರೆಗೂ ನಾನು ಸ್ಪ್ಯಾನರ್ ಮುಟ್ಟಲ್ಲ."