ಸದ್ದಿಲ್ಲದ ಇಂಜಿನ್ನಿನ ನಾಡಿ

ಓಡುತ್ತಿರುವ ಇಂಜಿನ್ನಿಗೇ ಮತ್ತೊಮ್ಮೆ ಕೀಲಿ ತಿರುಗಿಸಿ, ಅದು ಕರ್ರೆಂದು ಹಲ್ಲು ಕಡಿಯುವಂತೆ ಮಾಡುವುದು ಈಚೆಗೆ ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿದೆ. ನನ್ನ ಹಳೆಯ ಡೀಸೆಲ್ ಕಾರು ಎದ್ದಿತೆಂದರೆ ಶಿಕಾರಿಪುರದ ನಮ್ಮ ಬೀದಿಯೇ ಏಳುತ್ತಿತ್ತು. ಮೇಷ್ಟ್ರು ಕಾಲೇಜಿಗೆ ಹೊರಟರೆಂದು ಹಾಲಿನವನಿಗೂ ತಿಳಿಯುತ್ತಿತ್ತು. ಈ ಪೆಟ್ರೋಲ್ ಕಾರೋ ಹುಟ್ಟಾ ಮೌನವ್ರತಿ. ಅದಕ್ಕೆ ಜೀವವಿದೆಯೇ ಎಂದು ತಿಳಿಯಲು ಗೇರಿನ ಮೇಲೆ ಅಂಗೈಯಿಟ್ಟು, ನಾಡಿ ನೋಡುವ ಪಂಡಿತನಂತೆ ಕ್ಷಣಕಾಲ ಧ್ಯಾನಸ್ಥನಾಗಬೇಕು.

ಕಾರು ಬದಲಿಸಿದ್ದು ಶೋಕಿಗಲ್ಲ. ಹೋದ ವರ್ಷ ನನ್ನ ಹೆಂಡತಿ ಶಾರದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ದಿನಾ ನಡೆಯಲಿ, ಮೆಟ್ಟಿಲು ಹತ್ತಲಿ, ಮೊದಲಿನಂತೆಯೇ ಇರಲಿ ಎಂದು ಡಾಕ್ಟರು ಹೇಳಿದರು. ಭಯಪಟ್ಟವನ ಕಿವಿಗೆ ಇದೆಲ್ಲ ಎಲ್ಲಿ ಬೀಳಬೇಕು? ಡೀಸೆಲ್ಲಿನ ನಡುಕ ಅವಳಿಗಾಗದೆಂದು ನಾನೇ ತೀರ್ಮಾನಿಸಿ ಕಾರು ಮಾರಿದೆ, ಅವಳಿಗೆ ಮಹಡಿ ನಿಷೇಧಿಸಿದೆ, ಬಟ್ಟೆ ಒಣಹಾಕುವ ಖಾತೆಯನ್ನು ನಾನೇ ವಹಿಸಿಕೊಂಡೆ. ಹಳೆಯ ಕಾರಿನಲ್ಲಿ ಇಂಜಿನ್ನಿಗಿಂತ ಒಂದು ಸ್ವರ ಮೇಲೆ ಮಾತಾಡುತ್ತಿದ್ದವಳು ಈಗ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂರುತ್ತಾಳೆ. ಕಾರಿನ ಮೌನ, ಅವಳ ಮೌನ ಎರಡೂ ಸೇರಿ ನನ್ನನ್ನು ಹೆದರಿಸುತ್ತವೆ. ಆಗಾಗ ಓರೆಗಣ್ಣಿನಿಂದ ನೋಡಿ, ಉಸಿರಾಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಳ್ಳುತ್ತೇನೆ.

ಓದುಗ ಮಹಾಶಯರೇ, ಈ ಎರಡು ಇಂಜಿನ್ನುಗಳ ಗುಣವೇ ಬೇರೆ. ಡೀಸೆಲ್ಲಿನದು ಮಂದಗತಿಯಲ್ಲೇ ಹೊರೆ ಎಳೆಯುವ ಶಕ್ತಿ. ಏರು ಬಂದರೂ ಗೇರು ಇಳಿಸದೆ ಗುಡುಗುಡು ಎನ್ನುತ್ತ ಹತ್ತಿಬಿಡುತ್ತದೆ. ಪೆಟ್ರೋಲಿನ ಬಲವೆಲ್ಲ ವೇಗವಾಗಿ ತಿರುಗುವುದರಲ್ಲಿದೆ. ಮೆಲ್ಲಗೆ ತಿರುಗಿಸುತ್ತ ಹೊರೆ ಹೊರಿಸಿದರೆ ಏದುಸಿರು ಬಿಡುತ್ತದೆ. ಷೋರೂಮಿನಲ್ಲಿ ಇದನ್ನೆಲ್ಲ ವಿವರಿಸಿದಾಗ ತಲೆಯಾಡಿಸಿದ್ದೆ. ತಲೆಗೆ ಹೋದದ್ದು ಕೈಗೆ ಇಳಿದಿರಲಿಲ್ಲ.

ಮೊನ್ನೆ ಭಾನುವಾರ, ಆಪರೇಷನ್ ಆದಮೇಲೆ ಮೊದಲ ಸಲ, ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿರುವ ಅವಳ ತವರಿಗೆ ಹೊರಟೆವು. ದಾರಿಯ ಒಂದು ನೇರ ಏರಿನಲ್ಲಿ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಮುಂದೆ ತೆವಳುತ್ತಿತ್ತು. ಹಿಂದಿಕ್ಕೋಣವೆಂದು ಬಲಕ್ಕೆ ಸರಿದು, ಹಳೆಯ ಅಭ್ಯಾಸದಂತೆ ಮೂರನೇ ಗೇರಿನಲ್ಲೇ ಪೆಡಲು ಒತ್ತಿದೆ. ಕಾರು ಮುಂದೆ ಹೋಗುವ ಬದಲು ಗಡಗಡ ನಡುಗಿತು. ಅಷ್ಟರಲ್ಲಿ ಏರಿನ ತುದಿಯಲ್ಲಿ ಬಸ್ಸಿನ ಮುಖ ಕಾಣಿಸಿತು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಬೈಕುಗಳು. ಕಣ್ಣು ಬಸ್ಸಿನ ಮೇಲಲ್ಲ, ಶಾರದೆಯ ಎದೆಯ ಮೇಲಿತ್ತು.

"ಗೇರ್ ಇಳಸ್ರೀ," ಎಂದಳು ಅವಳು. ಮದುವೆಗೆ ಮುಂಚೆ ಅಣ್ಣನ ಪೆಟ್ರೋಲ್ ಜೀಪಿನಲ್ಲಿ ಡ್ರೈವಿಂಗ್ ಕಲಿತವಳು. "ಕೂಗ್ಲಿ ಬಿಡ್ರೀ ಅದು. ಕೂಗಿದ್ರೇನೇ ಎಳೆಯೋದು."

ಎರಡಕ್ಕೆ ಇಳಿಸಿ ಒತ್ತಿದೆ. ಇಂಜಿನ್ ಕಿರುಚಿತು, ಕಾರು ಚಿಮ್ಮಿತು, ಬಸ್ಸು ಬರುವ ಮೊದಲೇ ನಾವು ಎಡಕ್ಕೆ ಸೇರಿದ್ದೆವು.

"ಇದನ್ನೂ ನನ್ ತರಾನೇ ಸಾಕ್ತಿದೀರಿ," ಎಂದಳು. "ಮೆಲ್ಲಗೆ, ಮೆಲ್ಲಗೆ ಅಂತ ಉಸಿರು ಕಟ್ಟಿಸ್ತಾ."

ಆಮೇಲೆ ಅವಳು ಬಾಯಿ ಮುಚ್ಚಲಿಲ್ಲ. ಮಹಡಿಯ ಬಟ್ಟೆಗಳನ್ನು ನಾನು ಹಿಂಡದೆ ಒಣಹಾಕುವ ವಿಚಾರವೂ ಬಂತು.

ಕುಪ್ಪಗಡ್ಡೆಯ ಆ ಮನೆಗೆ ರಸ್ತೆಯಿಂದ ಕಡಿದಾದ ಮೆಟ್ಟಿಲುಗಳಿವೆ. ಕೈ ಹಿಡಿಯಲು ನಾನು ಬೆಲ್ಟ್ ಬಿಚ್ಚುವಷ್ಟರಲ್ಲಿ ಅವಳು ಹತ್ತತೊಡಗಿದ್ದಳು. ನಡುವೆ ಒಮ್ಮೆ ಸೊಂಟಕ್ಕೆ ಕೈಯಿಟ್ಟು ನಿಂತಳು. ನಾನೂ ಉಸಿರು ಹಿಡಿದು ಕೂತೆ. ಕೂಗಬೇಕೆನಿಸಿತು, ಕೂಗಲಿಲ್ಲ. ಮತ್ತೆ ಹತ್ತಿದಳು. ಮೇಲೆ ಮುಟ್ಟಿದವಳು ತಿರುಗಿ ನೋಡಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ರೀ, ಗಾಡಿ ಇನ್ನೂ ಸ್ಟಾರ್ಟ್‌ನಲ್ಲೇ ಇದೆ. ಆಫ್ ಮಾಡಿ ಬನ್ರೀ."

ಗೇರಿನ ಮೇಲೆ ಅಂಗೈ ಇಟ್ಟು ನೋಡಿದೆ. ಹೌದು, ಓಡುತ್ತಲೇ ಇತ್ತು.